ಸಾಬಿರ್ ಗಂದೂರರ ಮನೆ

ತಾಯಿಯ ಶವಪೆಟ್ಟಿಗೆಗೆ ರಿದ್ವಾನ್ ಹೆಗಲು ಕೊಡುತ್ತಿದ್ದಂತೆ ಕೈರೋ ಕಡೆಯ ವ್ಯಾನೊಂದು ಓಣಿಯ ಬಾಯಲ್ಲಿ ನಿಂತಿತು. ಇಳಿದವರಲ್ಲಿ ನರೆತ ತಲೆಯ ಹೆಂಗಸೊಬ್ಬಳು ಮುಂದೆ ಬಂದಳು.

"ಸಾಬಿರ್ ಗಂದೂರ್ ಅವರ ಮನೆ ಇದೇನಾ?"

"ಅಲ್ಲಮ್ಮ. ತೀರಿಕೊಂಡಿರೋದು ನಮ್ಮಮ್ಮ. ಆ ಹೆಸರಿನವರು ಈ ಮಿನ್ಯಾ ಊರಲ್ಲೇ ಇಲ್ಲ."

"ಫಿಕ್ರಿಯಾ ನಿಮ್ಮ ತಾಯೀನಾ?"

ಪೆಟ್ಟಿಗೆ ಒಂದು ಕಡೆ ವಾಲಿತು. ಗಂಡಸರ ನಡುವೆ ತಾಯಿಯ ಹೆಸರನ್ನು ಯಾರೂ ಹೀಗೆ ಬಾಯಿಬಿಟ್ಟು ಹೇಳಿದ್ದಿಲ್ಲ. ಓಣಿಗೆಲ್ಲ ಅವಳು ರಿದ್ವಾನನ ಅಮ್ಮ. ಬೆಳಿಗ್ಗೆ ಮಸೀದಿಯ ಮೈಕಿನಲ್ಲಿ ಸಾರಿದ್ದೂ ಅಷ್ಟೇ.

"ಹಾಗಾದ್ರೆ ಇದೇ ಮನೆ. ನಾನು ಇಜ್ಲಾಲ್, ಪತ್ರಿಕೆ ನಡೆಸ್ತೀನಿ. ಸಾಬಿರ್ ಗಂದೂರ್ ಅನ್ನೋ ಹೆಸರಲ್ಲಿ ಇಷ್ಟು ವರ್ಷ ಕತೆ ಬರೆದದ್ದು ನಿಮ್ಮಮ್ಮ."

ಸೋದರಮಾವ ಅಬ್ದುಲ್ ಬಾರಿ ಹಿಂದಿನಿಂದ ಗದರಿದ: "ಹುಚ್ಚು ಹಿಡಿದಿದೆ ಇವಳಿಗೆ! ನಡಿಯೋ, ನಮಾಜಿಗೆ ಹೊತ್ತಾಯ್ತು."

ರಿದ್ವಾನ್ ಬಾಗಿಲಲ್ಲಿದ್ದ ತಂಗಿ ವಿದಾದಳತ್ತ ತಿರುಗಿದ. ಸುಳ್ಳು ಅಂತ ಒಂದು ಮಾತು ಹೇಳಲಿ ಎಂದು ಕಾದ.

"ನಿಜ ಅಣ್ಣ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾ ಅಮ್ಮ ಹೇಳ್ತಿದ್ಲು, ನಾನು ಬರ್ಕೊಂಡು ಅಂಚೆಗೆ ಹಾಕ್ತಿದ್ದೆ. ಬೆಳಿಗ್ಗೆ ಇವರಿಗೆ ಫೋನ್ ಮಾಡಿದ್ದೂ ನಾನೇ."

*

ಅಪ್ಪ ತೀರಿಕೊಂಡ ಮರುವರ್ಷದ ಮಾತು. ಗಂಡ ಸತ್ತ ರಾತ್ರಿ ಹೆಂಗಸೊಬ್ಬಳು ಮೊದಲ ಸಲ ಹಾಸಿಗೆಯ ನಡುವೆ ಕೈಕಾಲು ಚಾಚಿ ಹಾಯಾಗಿ ನಿದ್ದೆ ಹೋಗುವ ಕತೆ ಗಂದೂರನ ಹೆಸರಲ್ಲಿ ಬಂದಿತ್ತು. ಊರೆಲ್ಲ ಉಗಿಯಿತು. ರಿದ್ವಾನ್ ಪತ್ರಿಕೆಯನ್ನು ಹರಿದು ಒಲೆಗೆ ಹಾಕಿ ಊಟಕ್ಕೆ ಕೂತ.

"ಥೂ! ಈ ಗಂದೂರನಿಗೆ ತಾಯಿ ಅನ್ನೋಳು ಇರಲಿಲ್ವಾ?"

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸೊಪ್ಪಿನ ಸಾರು ಬಡಿಸಿದಳು.

"ಇದ್ದಿರಬಹುದು ಕಣಪ್ಪ. ಮಗನೂ ಇರಬಹುದು."

*

ಮಣ್ಣು ಮಾಡಿ ಬಂದರು. ಸಂಜೆ ಓಣಿಯಲ್ಲಿ ಗಂಡಸರಿಗೆಂದು ಶಾಮಿಯಾನ ಎದ್ದಿತು, ಕುರಾನ್ ಪಠಣ ಶುರುವಾಯಿತು. ರಿದ್ವಾನನ ಕಿವಿಗೆ ಒಂದೂ ಬೀಳುತ್ತಿರಲಿಲ್ಲ. ಅಪ್ಪ ಸತ್ತ ರಾತ್ರಿ ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಪಾಪ, ಮನಸಾರೆ ಅತ್ತುಕೊಳ್ಳಲಿ ಎಂದು ಅವನು ಬೆಳಗಿನ ತನಕ ಹೊಸ್ತಿಲಲ್ಲಿ ಕಾವಲು ಕೂತಿದ್ದ.

ಇಜ್ಲಾಲ್ ಶಾಮಿಯಾನದ ಹೊರಗೆ ಒಬ್ಬಳೇ ನಿಂತಿದ್ದಳು. ಒಳಮನೆಯಲ್ಲಿ ಹೆಂಗಸರ ಜೊತೆ ಕೂತುಕೊಳ್ಳಿ ಎಂದವರಿಗೆ, "ನಾನು ಬಂದದ್ದು ಒಬ್ಬ ಬರಹಗಾರರಿಗೆ ವಿದಾಯ ಹೇಳೋಕೆ" ಎಂದಿದ್ದಳಂತೆ.

ರಿದ್ವಾನ್ ಎದ್ದು ಒಂದು ಕುರ್ಚಿ ಎತ್ತಿಕೊಂಡ. ಮಾವ ತೋಳು ಹಿಡಿದ.

"ಏನೋ ಇದು? ಜನ ನೋಡ್ತಿದಾರೆ. ಸತ್ತವಳ ಮಾನ ಕಳೀಬೇಡ."

"ಅಮ್ಮ ಅವತ್ತು ಅಳ್ತಿರಲಿಲ್ಲ ಮಾವ," ಎಂದ ರಿದ್ವಾನ್. "ನಿದ್ದೆ ಮಾಡ್ತಿದ್ಲು."

ಮಾವನ ಹಿಡಿತ ಸಡಿಲವಾಯಿತು. ರಿದ್ವಾನ್ ಕುರ್ಚಿಯನ್ನು ತನ್ನ ಪಕ್ಕದಲ್ಲೇ ಇಟ್ಟು ಆಕೆಯನ್ನು ಕರೆತಂದು ಕೂರಿಸಿದ.

ಸಮಾಧಾನ ಹೇಳಲು ಸಾಲಾಗಿ ಬಂದ ಗಂಡಸರು ಮಾವನ ಕೈ ಹಿಡಿದರು, ರಿದ್ವಾನನ ಕೈ ಹಿಡಿದರು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ಇಜ್ಲಾಲ್ ಕೂತ ಕುರ್ಚಿಯೆದುರು, ತಾವು ಚಾಚಿದ ಕೈ ಗಾಳಿಯಲ್ಲೇ ಇರುವಂತೆ, ಒಬ್ಬರ ಹಿಂದೊಬ್ಬರು ನಿಂತುಬಿಟ್ಟರು.