ಕೆಂಪು ಬೆಳಕಿಗೆ ಕೆಂಪು ಗೆರೆ

ಮಿಷನ್ನು ಕೂಗಲಿಲ್ಲ.

ಕೌಂಟರಿನ ಹುಡುಗಿ ಜಾಮಿನ ಬಾಟ್ಲೀನ ಇನ್ನೊಂದ್ಸಲ ಗಾಜಿನ ಮೇಲೆ ಎಳೆದ್ಲು. ಕೆಳಗಿನ ಕೆಂಪು ಬೆಳಕು ಬಾರ್‌ಕೋಡಿನ ಮೇಲೆ ಹಾದು ಹೋಯ್ತು. ಕೂಗಲಿಲ್ಲ. ತಿರುಗಿಸಿ ಎಳೆದ್ಲು, ಓರೆ ಮಾಡಿ ಎಳೆದ್ಲು, ಕೊನೆಗೆ ಆರತಿ ಎತ್ತಿದ ಹಾಗೆ ಸುತ್ತಿಸಿದ್ಲು.

ಸಾಲಿನ ಕೊನೇಲಿ ನಿಂತಿದ್ದ ಸ್ತೂರೆಗೆ ಮಾತ್ರ ಗೊತ್ತಿತ್ತು, ಹಬ್ಬದ ತನಕ ಎಳೆದ್ರೂ ಅದು ಕೂಗಲ್ಲ ಅಂತ. ಬಾರ್‌ಕೋಡು ಮಾಡಿದೋನು ಅವನೇ. ಇಂಜಿನಿಯರು. ಉತ್ತರದ ಚಳಿ ಸೀಮೆಯ ಉಮಿಯೋ ಊರಲ್ಲಿ ಮೀನಿನ ಡಬ್ಬಿಯಿಂದ ಕಾಲುಚೀಲದ ತನಕ ಯಾವುದರ ಮೇಲೆ ಗೆರೆ ಇದ್ರೂ ಅದು ಇವನ ಕೈಕೆಲಸಾನೇ ಅಂದ್ರೆ ಅರ್ಧ ನಿಜ. ಕೆಂಪು ಬೆಳಕಿಗೆ ಕೆಂಪು ಗೆರೆ ಬಿಳೀ ಕಾಗದದ ಹಾಗೇ ಕಾಣ್ತದೆ. ಈ ಕಸುಬಿನ ಮೊದಲ ಪಾಠ ಅದು. ಗೆರೆ ಕಪ್ಪಗಿರ್ಬೇಕು.

ಇವು ಕೆಂಪಗಿದ್ವು. ಕಾಡಿನ ಲಿಂಗೊನ್ ಹಣ್ಣಿನ ಕೆಂಪು.

ಜಾಮು ಅವನ ಅಕ್ಕ ಗುನ್ವರ್ ಮಾಡಿದ್ದು. ಹೋದ ತಿಂಗಳು ಅವಳು ಅವನ ಅಡಿಗೆಮನೇಲಿ ಕಾಫಿ ಕುಡೀತಾ ಕೇಳಿದ್ಲು. "ಕಪ್ಪು ಬೇಡ ಕಣೋ. ಜೈಲಿನ ಕಂಬಿ ಇದ್ದಂಗಿದೆ. ಹಣ್ಣಿನ ಬಣ್ಣದಲ್ಲೇ ಮಾಡ್ಕೊಡು. ಆಗ್ತದಲ್ವಾ?"

ಅವನು ತನ್ನ ಕಾಫಿ ಕಲಕಿದ.

"ನಾನು ಮದ್ವೆ ಆಗ್ತೀನಿ ಅಂದಾಗ ನೀನು ಬೇಡ ಅಂದೆ. ದೋಣಿ ತಗೊಳ್ತೀನಿ ಅಂದಾಗ ಬೇಡ ಅಂದೆ. ಎರಡೂ ಮುಳುಗಿದ್ವು, ಒಪ್ತೀನಿ. ಒಂದ್ಸಲನಾದ್ರೂ ಹೂಂ ಅನ್ನಪ್ಪ."

ಸ್ತೂರೆ ತುಟಿ ಚೂಪು ಮಾಡಿ ಸುರ್ ಅಂತ ಉಸಿರು ಒಳಗೆ ಎಳ್ಕೊಂಡ. ಆ ಕಡೆಯೋರು ಹೂಂ ಅನ್ನೋದೇ ಹಂಗೆ. ಬಾಯಿಂದ ಏನೂ ಹೊರಗೆ ಬರೋದಿಲ್ಲ, ಹಾಗಾಗಿ ಯಾರೂ ಏನೂ ಹೇಳಿದ ಹಾಗಾಗಲ್ಲ.

ಕೆಂಪು ನಡೆಯಲ್ಲ ಅಂತ ಆಮೇಲೆ ಫೋನ್ ಮಾಡಿ ಹೇಳಿದ್ರಾಯ್ತು ಅನ್ಕೊಂಡ. ಮಾಡ್ಲಿಲ್ಲ. ಮರೆತ ಅಂತಲ್ಲ. ಅವಳು ಕೈ ಹಾಕಿದ್ದು ಈ ಸಲಾನೂ ಮುಳುಗ್ತದಾ ನೋಡೋಣ ಅನ್ನೋ ಸಣ್ಣ ಹುಳ ಒಂದು ಒಳಗಿತ್ತೇನೋ. ಆ ಹುಳದ ಮುಖ ನೋಡೋಕೆ ಅವನು ಹೋಗ್ಲಿಲ್ಲ.

ಈಗ ಶನಿವಾರದ ಸಾಲು ಬೆಳೀತಿತ್ತು. ಹುಡುಗಿ ಗೆರೆ ಕೆಳಗಿನ ಅಂಕಿಗಳನ್ನ ಒಂದೊಂದಾಗಿ ಕುಟ್ಟಿದ್ಲು. ಮುಂದಿನೋಳ ಬುಟ್ಟೀಲೂ ಅದೇ ಜಾಮು. ಸಾಲು ಬಾಗಿಲು ದಾಟ್ತು, ರಸ್ತೆ ದಾಟ್ತು, ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ರೆ ಸಮುದ್ರ ದಾಟಿ ಫಿನ್ಲೆಂಡಿಗೇ ಹೋಗ್ತಿತ್ತು. ಯಾರೂ ಗೊಣಗಲಿಲ್ಲ. ಮಾರು ದೂರ ಬಿಟ್ಕೊಂಡು ನಿಂತು ತಮ್ಮ ತಮ್ಮ ಬೂಟು ನೋಡ್ಕೊಂಡ್ರು.

ರುಚಿ ತೋರಿಸೋ ಮೇಜಿನ ಹಿಂದಿಂದ ಗುನ್ವರ್ ಓಡಿ ಬಂದ್ಲು, ಕೈಯಲ್ಲಿ ಚಮಚ. ಅಂಗಡಿ ನೋಡ್ಕೊಳ್ಳೋ ಓಸಾನೂ ಬಂದ್ಲು.

"ಜಾಮು ಚೆನ್ನಾಗಿದೆ ಗುನ್ವರ್. ಆದ್ರೆ ಇವತ್ತೊಂದಿನ ನೋಡೋಣ ಅಂತ ತಾನೇ ಮಾತಾಗಿದ್ದು? ಹೀಗಾದ್ರೆ ನಾನು ಇಟ್ಕೊಳ್ಳೋಕಾಗಲ್ಲ."

"ನಾನೇ ಡೊಂಕಾಗಿ ಅಂಟಿಸ್ದೆ ಅನ್ಸುತ್ತೆ," ಅಂದ್ಲು ಗುನ್ವರ್. ಏಪ್ರನ್ ತುದೀಲಿ ಲೇಬಲ್ ತಿಕ್ಕಿದ್ಲು. "ಬೇರೆ ಯಾವ ಅಂಗಡೀನೂ ಒಪ್ಲಿಲ್ಲ ಓಸಾ. ಗೆರೆ ಮಾಡಿದ್ದು ನನ್ ತಮ್ಮ, ಅವನ ಕೆಲಸದಲ್ಲಿ ತಪ್ಪಿರೋಲ್ಲ. ಲೋ ಸ್ತೂರೆ, ಇಲ್ಲೇ ಇದ್ದೀಯಾ? ಹೇಳೋ ಇವಳಿಗೆ. ನಾನು ಅಂಟಿಸಿದ್ದೇ ಸರಿಯಿಲ್ಲ, ಅಲ್ವಾ?"

ಸಾಲೆಲ್ಲ ಬೂಟು ನೋಡೋದು ಬಿಟ್ಟು ಅವನನ್ನ ನೋಡ್ತು. ತಪ್ಪು ನಂದು, ಕಪ್ಪಲ್ಲಿ ಅಚ್ಚು ಹಾಕಿದ್ರೆ ಸರಿಹೋಗ್ತದೆ. ಇಷ್ಟೇ ಮಾತು. ನಾಲಿಗೆ ಮೇಲೇ ಇತ್ತು.

ಅವನು ಸುರ್ ಅಂತ ಉಸಿರು ಒಳಗೆ ಎಳ್ಕೊಂಡ.

ಗುನ್ವರ್ ತಲೆ ಆಡಿಸಿದ್ಲು. ಕಪಾಟಿನ ಬಾಟ್ಲಿಗಳನ್ನ ರಟ್ಟಿನ ಪೆಟ್ಟಿಗೆಗೆ ತುಂಬೋಕೆ ಶುರು ಮಾಡಿದ್ಲು.

"ನಾನೂ ಹಿಡ್ಕೊಳ್ಲಾ?" ಅಂದ.

"ಬೇಡಪ್ಪ, ಉಣ್ಣೆಗೆ ಜಾಮು ಮೆತ್ಕೊಳ್ತದೆ." ಅವನ ಕೈಗವಸು ಮುಟ್ಟಿ ನೋಡಿದ್ಲು. ಅವಳೇ ಹೆಣೆದುಕೊಟ್ಟಿದ್ದು, ಅದೇ ಹಣ್ಣಿನ ಕೆಂಪು. "ಇನ್ನೂ ಬೆಚ್ಚಗಿದೆಯೇನೋ?"

ಬಾಗಿಲ ಹತ್ರ, ಗಿರಾಕಿಗಳೇ ಬೆಲೆ ನೋಡ್ಕೊಳ್ಳೋ ಮಿಷನ್ನು ಗೋಡೆ ಮೇಲಿತ್ತು. ಸ್ತೂರೆ ಯಾಕೋ ನಿಂತ. ಕೈಗವಸಿನ ಕೈಯನ್ನ ಅದರ ಮುಂದೆ ಹಿಡಿದ. ಕೆಂಪು ಬೆಳಕು ಕೆಂಪು ಉಣ್ಣೆ ಮೇಲೆ ಬಿತ್ತು, ಒಂದೊಂದೇ ಬೆರಳು ಹಾದು ಹೋಯ್ತು.

ಪರದೆ ಮೇಲೆ ಒಂದೇ ಸಾಲು. ವಸ್ತುವನ್ನು ತೋರಿಸಿ.

ಇನ್ನೂ ಹತ್ರ ಹಿಡಿದ.

ವಸ್ತುವನ್ನು ತೋರಿಸಿ.