ವಾರಕ್ಕೆ ಹತ್ತು ನಿಮಿಷ

"ತಲೆ ಕಡೆಯವರು ಸ್ವಲ್ಪ ತಗ್ಗಿಸಿ, ಚೌಕಟ್ಟು ತಗಲುತ್ತೆ," ಎನ್ನುತ್ತ ಚಿಕ್ಕಪ್ಪ ಹಿಮ್ಮುಖವಾಗಿ ಹೆಜ್ಜೆಯಿಟ್ಟು ಕೋಣೆಯೊಳಕ್ಕೆ ಬಂದ. ಸ್ಟ್ರೆಚರ್ ಬಾಗಿಲಿಗೆ ಒಮ್ಮೆ ಉಜ್ಜಿ ಒಳಗೆ ಸರಿಯಿತು. ನಾಲ್ವರು ಸೇರಿ ಅಪ್ಪನ ದೇಹವನ್ನು ಮಂಚದ ಮೇಲಿಳಿಸಿದರು. ಹಿಡಿ ತಿರುಗಿಸಿದರೆ ತಲೆಯ ಭಾಗ ಮೇಲೇಳುವಂಥ ಮಂಚ. ಅಪ್ಪ ಆಸ್ಪತ್ರೆಯಿಂದ ಬಂದಮೇಲೆ ಬೇಕಾಗುತ್ತದೆಂದು ಮಗಳು ಮೂರು ವಾರದ ಹಿಂದೆ ತರಿಸಿಟ್ಟಿದ್ದು. ಅದರ ಮೇಲೆ ಅವನು ಮಲಗಿದ್ದು ಇದೇ ಮೊದಲು.

"ಕೋಣೆ ಖಾಲಿ ಇದ್ದದ್ದು ಒಳ್ಳೇದೇ ಆಯ್ತು," ಚಿಕ್ಕಪ್ಪ ಸೊಂಟ ನೀವಿಕೊಂಡ. "ಮೊದಲಿನ ಹಾಗೇ ಇದ್ದಿದ್ರೆ ಅಣ್ಣನ್ನ ಮೆಟ್ಟಿಲ ಮೇಲೆ ಮಲಗಿಸಬೇಕಾಗ್ತಿತ್ತು. ನಾನು ಹೋದ ಸಲ ಬಂದಾಗ ಒಂದು ಲೋಟ ಇಡೋಕೂ ಜಾಗ ಇರಲಿಲ್ಲ. ಒಂದು ಕಂಪ್ಯೂಟರ್ ತಲೆ ಮೇಲೆ ಇಟ್ಟೆ. ಅಣ್ಣ ನನ್ನನ್ನ ತಿಂದುಹಾಕೋ ಹಾಗೆ ನೋಡಿದ."

ಸ್ಟ್ರೆಚರ್ ಹೊತ್ತವರು ತುಟಿಯಲ್ಲೇ ನಕ್ಕರು. ಎಲ್ಲರೂ ಅಪ್ಪನ ಜೊತೆ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಅಪ್ಪ ಮೂವತ್ತೆಂಟು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದ.

"ಅದನ್ನೆಲ್ಲ ಎಲ್ಲಿಗೆ ಸಾಗಿಸಿದೆ ಪುಟ್ಟಿ?" ಚಿಕ್ಕಪ್ಪ ಕೇಳಿದ.

"ಒಂದು ಕಡೆ ಇಟ್ಟಿದೀವಿ," ಎಂದಳು ಮಗಳು. ಪಕ್ಕದಲ್ಲಿದ್ದ ಅವಳ ಗಂಡ ಕಿಟಕಿಯ ಕಡೆ ತಿರುಗಿದ.

ಗೋಡೆಯ ಮೇಲೆ ಕಬ್ಬಿಣದ ರ‍್ಯಾಕುಗಳಿದ್ದ ಜಾಗದಲ್ಲಿ ಬಣ್ಣ ಹೊಸದಾಗಿಯೇ ಉಳಿದಿತ್ತು. ಅಲ್ಲಿ ಒಂದರ ಮೇಲೊಂದರಂತೆ ಹಳೆಯ ಕಂಪ್ಯೂಟರುಗಳಿದ್ದವು. ಕಚೇರಿಗಳು, ಶಾಲೆಗಳು, ಅಂಗಡಿಗಳು ಕೈಬಿಟ್ಟಂಥವು. ಅಪ್ಪ ಅವುಗಳ ಹೊಟ್ಟೆ ಬಿಚ್ಚಿ, ಸೋರಿದ ಕೆಪಾಸಿಟರ್ ಕಿತ್ತು ಬೇರೆ ಬೆಸೆಯುತ್ತಿದ್ದ. ಕೀಲಿಗಳನ್ನು ಒಂದೊಂದಾಗಿ ಕಳಚಿ ಸಾಬೂನು ನೀರಲ್ಲಿ ತೊಳೆದು ಟವೆಲಿನ ಮೇಲೆ ಅಕ್ಷರಮಾಲೆಯ ಹಾಗೆ ಒಣಗಲು ಹಾಕುತ್ತಿದ್ದ. ಹಳದಿ ಹಿಡಿದ ಪ್ಲಾಸ್ಟಿಕ್ಕಿಗೆ ಕೂದಲಿಗೆ ಹಚ್ಚುವ ಬ್ಲೀಚ್ ಬಳಿದು ಬಿಸಿಲಿಗಿಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಕೊನೆಗೆ ಒಂದು ದಿನ ಪರದೆಯ ಮೂಲೆಯಲ್ಲಿ ಹಸಿರು ಗೆರೆಯೊಂದು ಮಿಣುಕಿದರೆ, "ಬಂತು ಜೀವ," ಎಂದು ಮನೆಗೆಲ್ಲ ಕೇಳುವಂತೆ ಹೇಳುತ್ತಿದ್ದ. ಯಾರೂ ಹೋಗಿ ನೋಡುತ್ತಿರಲಿಲ್ಲ.

* * *

ಅದು ಹಳೆಯ ಮಾತು. ಮಗಳು ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹಳೆಯ ಕಂಪ್ಯೂಟರುಗಳನ್ನು ಹಿತ್ತಲಿಗೆ ಹಾಕಿದ್ದರು. ಯಾವುದೇ ಸಾಮಾನು ಗೇಟು ದಾಟಬೇಕಾದರೆ ಅವಳ ಮೇಜಿನಲ್ಲಿ ಚೀಟಿ ಬರೆಸಬೇಕಿತ್ತು. ಒಂದು ಮಧ್ಯಾಹ್ನ ಪಕ್ಕದ ಮೇಜಿನವಳು ಅವಳ ಮೊಣಕೈ ತಿವಿದಳು.

"ಅಲ್ಲಿ ನೋಡೇ, ಆ ಡಬ್ಬಾನ ಮಗು ಎತ್ಕೊಂಡ ಹಾಗೆ ಎತ್ಕೊಂಡಿದಾನೆ. ಹುಚ್ಚಾಸ್ಪತ್ರೆಯಿಂದ ಇವನನ್ನ ಬಿಟ್ಟವರು ಯಾರೋ."

ಬಾಗಿಲಲ್ಲಿ ಅಪ್ಪ ನಿಂತಿದ್ದ. ಗ್ರೀಸು ಮೆತ್ತಿದ ಸಮವಸ್ತ್ರ, ತೋಳ ತುಂಬ ಒಂದು ಮಾನಿಟರು. ಮೊದಲೇ ಹೇಳಿದರೆ ಮಗಳು ಬೇಡ ಅನ್ನುತ್ತಾಳೆಂದು ನೇರವಾಗಿ ಸಾಹೇಬರ ಹತ್ತಿರ ಒಪ್ಪಿಗೆ ತೆಗೆದುಕೊಂಡಿದ್ದ. ಪಕ್ಕದವಳು ನಗುತ್ತಲೇ ಇದ್ದಳು. ಮಗಳೂ ನಕ್ಕಳು. ಆ ನಗೆ ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿತ್ತು.

ಅಪ್ಪ ಮೇಜಿನ ಮುಂದೆ ಬಂದ. ಒಂದು ಕ್ಷಣ ಅವಳ ಮುಖ ನೋಡಿದ.

"ಇಲ್ಲಿ ಚೀಟಿ ಬೇಕಂತೆ, ಮೇಡಂ," ಎಂದ.

ಅವಳು ಪುಸ್ತಕ ತೆರೆದಳು. ಪೆನ್ನಿನ ಮುಚ್ಚಳ ತೆಗೆದಳು.

"ಹೆಸರು?" ಎಂದು ಕೇಳಿದಳು.

ಅಪ್ಪ ತನ್ನ ಹೆಸರನ್ನು ಬಿಡಿಸಿ ಬಿಡಿಸಿ, ಕೇಳುವವರಿಗೆ ಕಷ್ಟವಾಗದ ಹಾಗೆ ಹೇಳಿದ. ಅವಳು ಬರೆದುಕೊಂಡಳು. ಅಡ್ಡಹೆಸರಿಗೆ ಬಂದಾಗ, ಅದು ಅವಳದ್ದೂ ಆಗಿದ್ದರಿಂದ, ಅಪ್ಪ ದನಿ ತಗ್ಗಿಸಿದ.

ಅಂದು ಸಂಜೆ ಊಟಕ್ಕೆ ಕೂತಾಗ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪ ಆ ವಿಷಯ ಎತ್ತಿದ್ದು ಒಂದೇ ಮಾತಿನಲ್ಲಿ.

"ನಿನ್ನ ಅಕ್ಷರ ದುಂಡಗಿದೆ ಪುಟ್ಟಿ. ಗೇಟಿನವನು ಓದೋಕೆ ಒಂಚೂರೂ ತಡವರಿಸಲಿಲ್ಲ."

* * *

ಬೆಳಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಗೋಡೆ ಹಿಡಿದುಕೊಂಡು ಮೆಟ್ಟಿಲೇರಿ ಬಂದರು. ಅಪ್ಪನ ಕಾಲ ಹತ್ತಿರ ತುಂಬ ಹೊತ್ತು ನಿಂತರು. ಆಮೇಲೆ ಮಗಳ ಪಕ್ಕದ ಕುರ್ಚಿಯಲ್ಲಿ ಕೂತು, "ನನ್ನನ್ನ ಎಲ್ಲರೂ ಹೊಲಿಗೆಯಮ್ಮ ಅಂತಾರೆ," ಎಂದರು. "ನಿಮ್ಮ ತಂದೆ ನಮ್ಮ ಕಟ್ಟಡದ ಲಿಫ್ಟ್ ನೋಡಿಕೊಳ್ತಿದ್ರು. ನಾವಿದ್ದದ್ದು ಐದನೇ ಮಹಡಿ. ನನ್ನ ತಂಗಿ ಹಾಸಿಗೆ ಹಿಡಿದವಳು, ಗಾಲಿಕುರ್ಚಿ. ಲಿಫ್ಟ್ ಕೆಟ್ಟರೆ ಊಟ ಬಿಟ್ಟು ಓಡಿ ಬರ್ತಿದ್ರು."

ಮಗಳು ತಲೆಯಾಡಿಸಿದಳು.

"ತಂಗಿಗೆ ಮಾತು ನಿಂತುಹೋಗಿತ್ತು. ಒಂದೇ ಬೆರಳು ಆಡ್ತಿತ್ತು. ಅವಳು ಒಂದು ಹಳೇ ಕಂಪ್ಯೂಟರ್‌ನಲ್ಲಿ ದಿನಾ ಏನೋ ಕುಟ್ಟುತ್ತಿದ್ದಳು, ಹನ್ನೆರಡು ವರ್ಷ. ನನಗೆ ಅದರ ಗಂಧಗಾಳಿ ಇಲ್ಲ. ಅವಳು ಹೋದಮೇಲೆ ಯಂತ್ರಾನೂ ಕೆಟ್ಟುಹೋಯ್ತು, ಅವಳು ಬರೆದದ್ದೆಲ್ಲ ಇದ್ದ ಫ್ಲಾಪಿಗಳು ಉಳಿದ್ವು. ಎಲ್ಲ ಕಡೆ ಕೇಳಿದೆ, ಇದನ್ನ ಓದೋ ಯಂತ್ರ ಈಗ ಎಲ್ಲೂ ಇಲ್ಲ ಅಂದ್ರು. ನಿಮ್ಮ ತಂದೆ ಹತ್ರ ಒಂದಿತ್ತು."

ಅವರು ಚೀಲದಿಂದ ನೀಟಾಗಿ ಹೊಲಿದ ಕಾಗದದ ಕಟ್ಟೊಂದನ್ನು ಅರ್ಧ ಹೊರತೆಗೆದು ತೋರಿಸಿದರು.

"ಅರ್ಧ ಓದಿ ಅಚ್ಚು ಹಾಕಿ ಕೊಟ್ರು. ಇದರಲ್ಲಿ ನನಗೆ ಬೈದಿದಾಳೆ. ತಲೆ ಬಾಚೋವಾಗ ನಾನು ಕೂದಲು ಎಳೀತೀನಂತೆ. ಹನ್ನೆರಡು ವರ್ಷ ನನ್ನ ಮುಖ ನೋಡಿ ನಗ್ತಾ ಇದ್ದಳು, ಒಳಗೆ ಇಷ್ಟೊಂದು ಬೈತಿದ್ದಳು ನೋಡಿ." ಹೊಲಿಗೆಯಮ್ಮ ನಕ್ಕು ಕಣ್ಣೊರೆಸಿಕೊಂಡರು. "ಇನ್ನರ್ಧ ಇಲ್ಲೇ ಇದೆ. ತಗಡಿನ ಡಬ್ಬ, ಬಿಸ್ಕತ್ತಿಂದು. ಈ ಹೊತ್ತಲ್ಲಿ ಕೇಳಬಾರದು, ಗೊತ್ತು. ಎಲ್ಲಿದೆ ಅಂತ ಹೇಳಿದ್ರೆ ಸಾಕು, ಇನ್ನೊಂದು ದಿನ ಬರ್ತೀನಿ."

"ಇದೆ," ಎಂದಳು ಮಗಳು. "ಹುಡುಕಿ ಇಟ್ಟಿರ್ತೀನಿ."

ಆ ಡಬ್ಬ ಅವಳಿಗೆ ಚೆನ್ನಾಗಿ ನೆನಪಿತ್ತು. ಗುಜರಿಯ ಗಾಡಿಗೆ ಕೊನೆಯದಾಗಿ ಅದನ್ನು ಎತ್ತಿ ಕೊಟ್ಟವಳು ಅವಳೇ.

* * *

ಅಪ್ಪ ಆಸ್ಪತ್ರೆ ಸೇರಿದ ದಿನವೇ ಅವಳ ಕೈಗೆ ಕೋಣೆಯ ಬೀಗದ ಕೈ ಕೊಟ್ಟಿದ್ದ. "ವಾರಕ್ಕೊಂದು ಸಲ, ಹತ್ತು ನಿಮಿಷ, ಎಲ್ಲವನ್ನೂ ಆನ್ ಮಾಡು ಪುಟ್ಟಿ. ಸುಮ್ಮನೆ ಬಿದ್ದಿದ್ರೆ ಸಾಯ್ತವೆ."

ಎಂಟು ದಿನಕ್ಕೆ ಅವಳು ಗುಜರಿಯವನಿಗೆ ಫೋನ್ ಮಾಡಿದಳು. ಮಂಚಕ್ಕೆ ಜಾಗ ಬೇಕು ಎಂದು ಗಂಡನಿಗೆ ಹೇಳಿದಳು. "ಹಾಲ್‌ನಲ್ಲೇ ಹಾಕಬಹುದಲ್ವಾ?" ಎಂದು ಅವನು ಕೇಳಿದ್ದು ಕೇಳಿಸಲಿಲ್ಲವೆಂಬಂತೆ ಇದ್ದಳು. ಮಧ್ಯಾಹ್ನದೊಳಗೆ ಕೋಣೆ ಬರಿದಾಯಿತು. ರ‍್ಯಾಕುಗಳ ಹಿಂದೆ ಮುಚ್ಚಿಹೋಗಿದ್ದ ಕಿಟಕಿ ತೆರೆದು, ನೆಲ ಒರೆಸಿ, ಗಾಳಿಗೆ ಮುಖವೊಡ್ಡಿ ನಿಂತಾಗ ಅವಳಿಗೆ ಎಷ್ಟೋ ವರ್ಷದ ಮೇಲೆ ಹಗುರವೆನಿಸಿತು. ಆ ಹಗುರವನ್ನು ಅವಳು ಯಾರಿಗೂ ಹೇಳಲಿಲ್ಲ.

ದಿನಾ ಸಂಜೆ ಐದಕ್ಕೆ ಆಸ್ಪತ್ರೆಗೆ ಹೋಗುತ್ತಿದ್ದಳು. ಅಪ್ಪನ ಮೊದಲ ಪ್ರಶ್ನೆ ಒಂದೇ.

"ಆನ್ ಮಾಡಿದ್ಯಾ?"

"ಮಾಡಿದೆ."

"ಬಾಗಿಲ ಪಕ್ಕದ್ದು ಎಷ್ಟು ಸಲ ಬೀಪ್ ಅಂತು?"

"ಒಂದು ಸಲ," ಎಂದಳು ಬಾಯಿಗೆ ಬಂದಂತೆ.

"ಒಂದೇನಾ? ಹಾಗಾದ್ರೆ ಆರೋಗ್ಯವಾಗಿದೆ." ಅಪ್ಪ ಕಣ್ಣು ಮುಚ್ಚಿ ತೃಪ್ತಿಯಿಂದ ಒರಗಿದ.

ದಿನ ಕಳೆದಂತೆ ಅವಳ ಸುಳ್ಳು ನುರಿಯಿತು. ಒಂದರ ಪರದೆ ನಡುಗುತ್ತಿದೆ ಎಂದಳು. ಇನ್ನೊಂದರ ಫ್ಯಾನು ಕಿರುಗುಟ್ಟುತ್ತಿದೆ ಎಂದಳು. ಅಪ್ಪ ಮಲಗಿದಲ್ಲೇ ಬೆರಳಾಡಿಸುತ್ತ ಹೇಗೆ ಸರಿಮಾಡಬೇಕೆಂದು ವಿವರಿಸುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು.

ಒಂದು ಗುರುವಾರ ಅಪ್ಪ ಕೇಳಲಿಲ್ಲ. "ಬಿಸಿಲು ಜಾಸ್ತಿ ಇದೆಯಾ ಹೊರಗೆ?" ಎಂದ. ಮರುದಿನ, "ನಿನ್ನ ಮಂಡಿನೋವು ಹೇಗಿದೆ?" ಎಂದ. ಮತ್ತೆ ಎಂದೂ ಆ ಸುದ್ದಿಯೆತ್ತಲಿಲ್ಲ. ಔಷಧಿಯ ಮಂಪರಿಗೆ ನೆನಪು ಅಳಿಸಿಹೋಗುತ್ತಿದೆ ಎಂದು ಅವಳು ಗಂಡನಿಗೆ ಹೇಳಿದಳು. "ಒಂಥರಾ ಒಳ್ಳೇದೇ ಆಯ್ತು," ಎಂದೂ ಹೇಳಿದ್ದಳು.

* * *

ಶವದ ಗಾಡಿ ಬರುವ ಸ್ವಲ್ಪ ಮುಂಚೆ ಗುಜರಿಯವನು ಬಂದ. ಒಗೆದ ಅಂಗಿ ಹಾಕಿಕೊಂಡು, ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬಂದಿದ್ದ. ಇಪ್ಪತ್ತು ವರ್ಷ ಅಪ್ಪನಿಗೆ ಬಿಡಿಭಾಗ ಹುಡುಕಿ ಕೊಟ್ಟವನು. ಅಪ್ಪನ ಮುಖ ನೋಡಿ ಕೈ ಮುಗಿದ.

"ದೊಡ್ಡ ಮನಸ್ಸು ಅವರದ್ದು," ಎಂದ ಚಿಕ್ಕಪ್ಪನಿಗೆ. "ಪ್ರಾಣ ಇಟ್ಟುಕೊಂಡಿದ್ದ ಯಂತ್ರಗಳನ್ನೆಲ್ಲ ನನಗೇ ಹಾಕಿಬಿಡಿ ಅಂತ ಮಗಳ ಕೈಲಿ ಹೇಳಿ ಕಳಿಸಿದ್ರು."

ಚಿಕ್ಕಪ್ಪ ಮಗಳನ್ನು ನೋಡಿದ.

"ಹಾಗಂತ ಯಾರು ಹೇಳಿದ್ರು ನಿಮಗೆ?" ಮಗಳು ಕೇಳಿದಳು.

"ಅವರೇ ಅಮ್ಮ. ನೀವು ಕರೆದು ಕೊಟ್ಟಾಗ ನನಗೆ ಯಾಕೋ ಮನಸ್ಸು ತಡೀಲಿಲ್ಲ. ಹತ್ತು ದಿನ ಬಿಟ್ಟು, ಒಂದು ಬುಧವಾರ ಬೆಳಗ್ಗೆ ಆಸ್ಪತ್ರೆಗೆ ಹೋಗಿ ಕೇಳಿದೆ. ಸ್ವಲ್ಪ ಹೊತ್ತು ಸೂರು ನೋಡ್ತಾ ಇದ್ರು. ಆಮೇಲೆ, 'ನಾನೇ ಹೇಳಿದ್ದು. ಅವಳು ಬೇಡ ಬೇಡ ಅಂದಳು, ನಾನೇ ಹಟ ಮಾಡಿದೆ' ಅಂದ್ರು."

ಆ ಬುಧವಾರ ಸಂಜೆ ಅವಳು ಕಚೇರಿಯ ಕೆಲಸದಿಂದ ಆಸ್ಪತ್ರೆಗೆ ಹೋಗಿರಲಿಲ್ಲ. ಗುರುವಾರ ಹೋದಾಗ ಅಪ್ಪ ಬಿಸಿಲಿನ ಬಗ್ಗೆ ಕೇಳಿದ್ದ. ಅವಳು ಇನ್ನೊಂದು ಸುಳ್ಳು ಹೇಳಬೇಕಾಗದ ಹಾಗೆ.

ಹೊಲಿಗೆಯಮ್ಮ ಕುರ್ಚಿಯಿಂದ ಎದ್ದಿದ್ದರು.

"ಅವರೇ ಕೊಟ್ರಾ?" ಎಂದರು ಗುಜರಿಯವನಿಗೆ. "ನನ್ನ ಡಬ್ಬಾನೂ?"

ಅವನು ಕಣ್ಣು ತಪ್ಪಿಸಿದ. ಹೊಲಿಗೆಯಮ್ಮ ಮಂಚದ ಕಡೆ ತಿರುಗಿದರು. ಬೆಳಗ್ಗೆ ನೋಡಿದ ನೋಟ ಅದಾಗಿರಲಿಲ್ಲ. "ಒಂದು ಮಾತು ಹೇಳಿ ಕಳಿಸಿದ್ರೆ ನಾನೇ ಬಂದು ಒಯ್ತಿದ್ದೆ," ಎಂದು ಸತ್ತವನಿಗೇ ಹೇಳಿ, ಕಾಗದದ ಕಟ್ಟನ್ನು ಎದೆಗೊತ್ತಿಕೊಂಡು ಹೊರಗೆ ನಡೆದರು.

ಆಗಲಾದರೂ ಮಗಳು ಹೇಳಬಹುದಿತ್ತು. ಚಿಕ್ಕಪ್ಪನಿದ್ದ, ಗಂಡನಿದ್ದ, ಲಿಫ್ಟಿನವರಿದ್ದರು. ಬೀದಿಯಲ್ಲಿ ಗಾಡಿ ಹಾರ್ನ್ ಮಾಡಿತು. ಅವಳು ಅಪ್ಪನ ಮೇಲಿನ ಬಿಳಿ ಬಟ್ಟೆಯ ಸುಕ್ಕು ತೀಡಿದಳು.

* * *

ವಿದ್ಯುತ್ ಚಿತಾಗಾರದಲ್ಲಿ ಅವರ ಸರದಿ ಬರಲು ಅರ್ಧ ಗಂಟೆಯಾಯಿತು. ಹೊಲಿಗೆಯಮ್ಮ ಮನೆಗೆ ಹೋಗಿರಲಿಲ್ಲ. ಯಾರದೋ ಆಟೋದಲ್ಲಿ ಬಂದು ದೂರದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಹಳಿಯ ಮೇಲಿನ ತಟ್ಟೆಗೆ ಅಪ್ಪನನ್ನು ಇಳಿಸಿದರು. ಅಲ್ಲಿನ ಕೆಲಸಗಾರ, "ನೋಡೋರು ನೋಡಿಬಿಡಿ, ಬಾಗಿಲು ತೆಗೀತೀನಿ," ಎಂದು ಗುಂಡಿಯ ಮೇಲೆ ಬೆರಳಿಟ್ಟ.

"ಒಂದು ನಿಮಿಷ," ಎಂದಳು ಮಗಳು.

ಎಲ್ಲರೂ ಅವಳು ಅಳುತ್ತಾಳೆಂದುಕೊಂಡರು. ಅವಳು ಬೆಂಚಿನ ಹತ್ತಿರ ಹೋಗಿ ಹೊಲಿಗೆಯಮ್ಮನ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು. ಅಪ್ಪನ ತಲೆಯ ಹತ್ತಿರ ನಿಲ್ಲಿಸಿದಳು.

"ಅಪ್ಪ ಕೊಟ್ಟಿದ್ದಲ್ಲ. ನಾನು ಗುಜರಿಗೆ ಹಾಕಿದ್ದು. ಅವನನ್ನ ಕೇಳಲಿಲ್ಲ. ಅವನು ಆಸ್ಪತ್ರೇಲಿ ದಿನಾ ಕೇಳ್ತಿದ್ದ, ಎಲ್ಲ ಚೆನ್ನಾಗಿದೆ ಅಂತ ದಿನಾ ಸುಳ್ಳು ಹೇಳಿದೆ. ನಿಮ್ಮ ಡಬ್ಬಾನ ನನ್ನ ಕೈಯಾರೆ ಎತ್ತಿ ಕೊಟ್ಟೆ."

"ಆಮೇಲೆ ಮಾತಾಡೋಣ ಬಾ," ಗಂಡ ಅವಳ ತೋಳು ಹಿಡಿದ.

"ಮಂಚ ಒಂದು ನೆಪ," ಎಂದಳು ಅವಳು, ತೋಳು ಬಿಡಿಸಿಕೊಂಡು. "ನನಗೆ ನಾಚಿಕೆಯಾಗ್ತಿತ್ತು. ಚಿಕ್ಕವಳಿದ್ದಾಗಿನಿಂದ."

ಚಿಕ್ಕಪ್ಪ ಕೆಮ್ಮಿದ. ಲಿಫ್ಟಿನವರು ತಮ್ಮ ತಮ್ಮ ಕೈ ನೋಡಿಕೊಂಡರು. ಹೊಲಿಗೆಯಮ್ಮ ಬಗ್ಗಿ ಅಪ್ಪನ ಹಣೆಯ ಮೇಲೆ ಅಂಗೈಯಿಟ್ಟು, "ತಪ್ಪು ತಿಳಿದುಕೊಂಡೆ, ಬೇಜಾರು ಮಾಡ್ಕೋಬೇಡಿ," ಎಂದರು. ಕೆಲಸಗಾರ ಗುಂಡಿಯೊತ್ತಿದ. ಕಬ್ಬಿಣದ ಬಾಗಿಲು ಮೇಲೆದ್ದಿತು.

ಹೊರಗೆ ಗುಜರಿಯವನು ಅವರಿಬ್ಬರಿಗಾಗಿ ಕಾದು ನಿಂತಿದ್ದ.

"ಒಂದು ಮಾತು ನಾನೂ ನುಂಗಿಕೊಂಡಿದ್ದೆ," ಎಂದ, ನೆಲ ನೋಡುತ್ತ. "ಅವತ್ತು ಅವರು, 'ಆ ಡಬ್ಬ ಒಂದು ಎತ್ತಿಡು, ಬೇರೆಯವರದ್ದು' ಅಂದಿದ್ರು. ನಾನು ಅಂಗಡಿಗೆ ವಾಪಸ್ ಹೋಗೋಷ್ಟರಲ್ಲಿ ನಮ್ಮನೆಯವಳು ಡಬ್ಬಕ್ಕೆ ಹಿಟ್ಟು ತುಂಬಿಕೊಂಡಿದ್ದಳು. ಒಳಗಿದ್ದದ್ದನ್ನ ಹಿತ್ತಲಿಗೆ ಒಯ್ದಿದ್ದಳು. ಮತ್ತೆ ಹೋಗಿ ಅವರಿಗೆ ಹೇಳೋಕೆ ನನಗೆ ಮುಖ ಇರಲಿಲ್ಲ."

"ಸುಟ್ಟುಬಿಟ್ರಾ?" ಹೊಲಿಗೆಯಮ್ಮ ಕೇಳಿದರು.

"ಇಲ್ಲಮ್ಮ. ಬನ್ನಿ, ನೀವೇ ನೋಡಿ."

ಅಂಗಡಿಯ ಹಿಂದೆ, ಮುರಿದ ಫ್ರಿಜ್ಜುಗಳ ಆಚೆ, ಟೊಮೆಟೊ ಗಿಡಗಳ ಸಣ್ಣ ಪಾತಿಯಿತ್ತು. ಹಕ್ಕಿ ಬರದಿರಲೆಂದು ಕೋಲಿನಿಂದ ಕೋಲಿಗೆ ದಾರ ಕಟ್ಟಿ, ಅದರಲ್ಲಿ ಫ್ಲಾಪಿಗಳನ್ನು ಸಾಲಾಗಿ ತೂಗುಹಾಕಿದ್ದರು. ಕಪ್ಪು ಚೌಕಗಳು ಗಾಳಿಗೆ ಒಂದಕ್ಕೊಂದು ತಾಗಿ ಪಟಪಟ ಅನ್ನುತ್ತಿದ್ದವು. ಒಂದೆರಡರ ಮೇಲೆ ಹಕ್ಕಿಯ ಹಿಕ್ಕೆ ಒಣಗಿತ್ತು. ಅಂಟಿಸಿದ ಚೀಟಿಗಳ ಮೇಲೆ ತಿಂಗಳು, ವರ್ಷ, ಹೊಲಿಗೆಯಮ್ಮನ ವಕ್ರವಾದ ಅಕ್ಷರದಲ್ಲಿ.

ಮಗಳು ಮೊದಲನೆಯದರ ಗಂಟಿಗೆ ಕೈ ಹಾಕಿದಳು. ನೈಲಾನ್ ದಾರ, ಬಿಚ್ಚಲಾಗಲಿಲ್ಲ. ಹೊಲಿಗೆಯಮ್ಮ ಅವಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ದಾರವನ್ನು ಬಾಯಿಗೆಳೆದುಕೊಂಡು ಹಲ್ಲಿನಿಂದ ಕಡಿದರು. ಫ್ಲಾಪಿಯನ್ನು ಮಗಳ ಚಾಚಿದ ಅಂಗೈಗಳ ಮೇಲಿಟ್ಟರು. ಎರಡನೆಯದನ್ನು ಅದರ ಮೇಲೆ. ಮೂರನೆಯದನ್ನು.

ಮಗಳ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಎರಡೂ ಕೈ ತುಂಬಿದ್ದರಿಂದ ಒರೆಸಿಕೊಳ್ಳಲಾಗದೆ, ಗಲ್ಲವನ್ನು ಭುಜಕ್ಕೆ ಉಜ್ಜಲು ಹೋಗಿ ಅದೂ ಎಟುಕದೆ, ಹಾಗೆಯೇ ನಿಂತಳು. ಹೊಲಿಗೆಯಮ್ಮ ಅದನ್ನು ನೋಡಿದರು. ನೋಡಿ, ಮುಂದಿನ ದಾರಕ್ಕೆ ಬಾಯಿ ಹಾಕಿದರು.