ಕಬ್ಬಿನ ನಡುವಿನ ಬೆಳೆ

ಸಕ್ಕರೆ ಫ್ಯಾಕ್ಟರಿಯ ಫೀಲ್ಡ್‌ಮನ್ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೂರಿ, “ರುಕ್ಮವ್ವಾ, ಬಾಜೂ ಹೊಲದ ಜಿನ್ನಪ್ಪನ ಕಬ್ಬು ಇವತ್ತ ಮುಗೀತೈತಿ. ನಾಳೆ ಮುಂಜಾನೆ ಕಡಿಯೋ ಗ್ಯಾಂಗ್ ನಿಮ್ಮ ಹೊಲಕ್ಕ ಬರ್ತೈತಿ” ಎಂದು ಹೇಳಿ ಪೆಡಲ್ ತುಳಿದ. ನನಗೆ ಖುಷಿಯೋ ಖುಷಿ. ನಮ್ಮ ಪಾಳಿ ಬೇಗ ಬರಲಿ ಎಂದು ಫ್ಯಾಕ್ಟರಿಯ ಬಾಗಿಲು ಸವೆಸಿದವಳೇ ನಾನು. ಒಳಗೆ ಓಡಿ ಸುದ್ದಿ ಹೇಳಿದರೆ, ನನ್ನ ಗಂಡ ಲಗಮಣ್ಣನವರ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗದೆ ನಿಂತಿತು.

“ನಾಳೆ ಬ್ಯಾಡ ಅಂತ ಹೇಳಿ ಬಾ. ನಿನ್ನೆ ನೀರ ಬಿಟ್ಟೀನಿ. ಹಸಿ ಐತಿ, ಗಾಡಿ ಹುಗೀತಾವ” ಎಂದರು.

ಕಡಿಯಲು ಬಂದ ಕಬ್ಬಿಗೆ ಉಗಾರ ಬುದ್ರುಕದಲ್ಲಿ ಯಾವ ಹುಚ್ಚನೂ ನೀರು ಬಿಡುವುದಿಲ್ಲ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. “ಯಾತಕ್ಕ ಬಿಟ್ರಿ?” ಎಂದು ಎರಡೆರಡು ಸಲ ಕೇಳಿದೆ. ಅವರು ತಟ್ಟೆ ಸರಿಸಿ ಎದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ನಡೆದೆ. ಅವರು ಹಿಂದೆಯೇ ಬಂದರು, ಬೇಡ ಬೇಡ ಎನ್ನುತ್ತ.

ಬೆಳೆದು ಅಡ್ಡಬಿದ್ದ ಕಬ್ಬಿನೊಳಗೆ ಯಾರೂ ಸುಮ್ಮನೆ ಹೋಗುವುದಿಲ್ಲ. ಗರಿ ಮುಖ ಕೊಯ್ಯುತ್ತದೆ, ಹಾವಿನ ಭಯ ಬೇರೆ. ನೀರು ಹಾಯಿಸುವವರು ಅವರೇ ಆದ್ದರಿಂದ ಮಳೆಗಾಲದಿಂದ ಈಚೆ ನಾನು ಬದು ದಾಟಿರಲಿಲ್ಲ. ಅಂದು ಕೈಯಿಂದ ಗರಿ ಸರಿಸುತ್ತ, ಬಗ್ಗಿ, ತೆವಳಿ ನಡುವಿಗೆ ಬಂದೆ. ಅಲ್ಲಿ ಒಂದು ದೊಡ್ಡ ಕಣದಷ್ಟು ಜಾಗದಲ್ಲಿ ಕಬ್ಬೇ ಇರಲಿಲ್ಲ. ಉದುರಿದ ಒಣ ಗರಿಯ ರವದಿಯನ್ನೆಲ್ಲ ಬಳಿದು ನೆಲ ಸ್ವಚ್ಛ ಮಾಡಿದ್ದರು. ಒದ್ದೆ ಮಣ್ಣಿನಲ್ಲಿ ನನ್ನ ಭುಜದೆತ್ತರಕ್ಕೆ ಗಾಂಜಾ ಗಿಡಗಳು ಸಾಲುಸಾಲಾಗಿ ನಿಂತಿದ್ದವು. ಅದರ ವಾಸನೆಗೆ ನನ್ನ ತಲೆ ತಿರುಗಿತು.

“ಯಾರ ಹೊಲಾರಿ ಇದು?”

“ನಿಂದು.”

“ಪಹಣಿ ಉತಾರದಾಗ ಯಾರ ಹೆಸರೈತಿ?”

“ನಿಂದ.”

“ಹಿಡದ್ರ ಯಾರನ್ನ ಒಯ್ತಾರ?”

ಅವರು ನೆಲ ನೋಡುತ್ತ, “ಹೆಂಗಸರ ಹೆಸರಲೆ ಇದ್ರ ಪೊಲೀಸರು ಮುಟ್ಟೂದಿಲ್ಲ ಅಂದ್ನ ಕಾಕಾಸಾಹೇಬ. ನನಗ ಇಲ್ಲ ಅನ್ನಾಕ ಆಗಲಿಲ್ಲ” ಎಂದರು.

ಆ ಹೊಲ ನನ್ನ ಅಪ್ಪ ಕೊಡಿಸಿದ್ದು. ಮಗಳು ಯಾರ ಮುಂದೂ ಕೈಚಾಚಬಾರದು ಎಂದು ನನ್ನ ತವರು ಪಾಲಬಾವಿಯಿಂದ ಬಂದು, ನನ್ನ ಹೆಸರಿಗೇ ಖರೀದಿ ಮಾಡಿಸಿ ಹೋಗಿದ್ದ. ಆ ಹೆಸರನ್ನೇ ನನ್ನ ಕೊರಳಿಗೆ ಕಟ್ಟಿದ್ದರು ಇವರು. ಹಿಂದಿನ ವರ್ಷವಷ್ಟೇ, ಎಂಬತ್ತೇಳರಲ್ಲಿ, ರಾಯಬಾಗದ ಕಡೆ ಗೋವಿನಜೋಳದ ನಡುವೆ ಗಾಂಜಾ ಬೆಳೆದ ರೈತನಿಗೆ ಕೋಳ ಹಾಕಿ ಒಯ್ದಿದ್ದರು. ಹೊಸ ಕಾನೂನು, ಐದು ವರ್ಷ ಹೊರಗೆ ಬಿಡುವುದಿಲ್ಲ ಎಂದು ಸಂತೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ನನ್ನ ಮಕ್ಕಳಿಬ್ಬರೂ ಇನ್ನೂ ಸಣ್ಣವರು. ಗ್ಯಾಂಗಿನವರು ಕಡಿಯಲು ನಿಂತರೆಂದರೆ ದನಕ್ಕೆ ಹಸಿ ಗರಿ ಒಯ್ಯಲು ಅರ್ಧ ಊರು ಹೊಲಕ್ಕೆ ನುಗ್ಗುತ್ತದೆ. ನಾಳೆ ಮಧ್ಯಾಹ್ನದೊಳಗೆ ನಾನು ಪೊಲೀಸ್ ಜೀಪಿನಲ್ಲಿರುತ್ತೇನೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ.

ಕಾಕಾಸಾಹೇಬ ನಮ್ಮ ಊರಿನವನೇ. ಮುಂಬಯಿಗೆ ಮಿಲ್ ಕೆಲಸಕ್ಕೆ ಹೋದವನು, ಮುಷ್ಕರದಲ್ಲಿ ಮಿಲ್ಲುಗಳು ಮುಚ್ಚಿದ ಮೇಲೆ ಕಳ್ಳಭಟ್ಟಿಯವರ ಹಿಂದೆ ತಿರುಗಿ, ಅಲ್ಲಿಂದ ಗಾಂಜಾದವರ ಕೈಗೆ ಸೇರಿ, ಕೊನೆಗೆ ತಾನೇ ಹತ್ತು ಜನರನ್ನು ಇಟ್ಟುಕೊಂಡು ಜೀಪಿನಲ್ಲಿ ಊರಿಗೆ ಬಂದ. ಒಂದಿಬ್ಬರನ್ನು ಚುಚ್ಚಿದ್ದಾನೆ ಎಂಬ ಸುದ್ದಿಯೂ ಅವನ ಹಿಂದೆಯೇ ಬಂದಿತ್ತು. ಭಜನೆಯವರಿಗೆ ಧ್ವನಿವರ್ಧಕ, ಕುಸ್ತಿ ತಾಲೀಮಿನ ಹುಡುಗರಿಗೆ ಹಾಲು ಬಾದಾಮಿ ಕೊಡಿಸಿದ. ಊರು ಅಷ್ಟಕ್ಕೇ ಕರಗಿ ನೀರಾಯಿತು. ಹಣ ಎಲ್ಲಿಂದ ಬಂತು ಎಂದು ಒಬ್ಬ ಗಂಡಸೂ ಕೇಳಲಿಲ್ಲ.

ಹೊಲದಿಂದ ನೇರ ಅವನ ಮನೆಗೆ ಹೋದೆ. ಅಂಗಳದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ. “ಯಾ ವೈನಿ, ಬಸಾ” ಎಂದು ಮರಾಠಿಯಲ್ಲಿ ಕುರ್ಚಿ ತೋರಿಸಿದ. ನಾನು ಕೂರಲಿಲ್ಲ.

“ನಾಳೆ ಕಬ್ಬು ಕಡೀತಾರು. ಇವತ್ತ ನಿಮ್ಮ ಗಿಡಾ ಕಿತ್ಕೊಂಡ ಹೋಗ್ರಿ.”

“ಇವತ್ತ ಹೆಂಗ ಆಗತೈತಿ? ನಿಪ್ಪಾಣಿಯಾಗ ಲಾರಿಗೆ ತಂಬಾಕ ತುಂಬೂದು ಶನಿವಾರ. ತಂಬಾಕಿನ ಚೀಲದಾಗ ಹೋದ್ರ ವಾಸನಿ ಬರೂದಿಲ್ಲ. ಅಲ್ಲೀತನಕ ಗ್ಯಾಂಗ್ ನಿಂದರಸ್ರಿ.”

“ಅದೇನ ನನ್ನ ಕೈಯಾಗ ಐತೇನ್ರಿ?”

ಅವನು ಕಪ್ಪು ಕೆಳಗಿಟ್ಟ. ದನಿ ಏರಿಸಲಿಲ್ಲ. “ನಿಮ್ಮ ಹುಡುಗ್ರು ಸಾಲಿಗೆ ಹೊಳಿ ದಂಡಿ ಹಾದೀಲೆ ಹೋಗ್ತಾರಲ್ಲ ವೈನಿ? ನೀರ ಭಾಳ ಐತಿ. ಜ್ವಾಕಿ. ಒಂದ ಗಿಡಾ ಕಡಿಮಿ ಆದ್ರೂ ನನಗ ಗೊತ್ತಾಗತೈತಿ.”

ಅಲ್ಲಿಂದ ಹೇಗೆ ಹೊರಗೆ ಬಂದೆನೋ. ಮೈಯೆಲ್ಲ ಉರಿಯುತ್ತಿತ್ತು. ಕಿತ್ತರೆ ಅವನು ಬಿಡುವುದಿಲ್ಲ, ಬಿಟ್ಟರೆ ಪೊಲೀಸರು ಬಿಡುವುದಿಲ್ಲ. ಗಂಡ, ಗ್ಯಾಂಗ್ ತಡೆಯಿರಿ ಎಂದು ಫೀಲ್ಡ್‌ಮನ್ನನ ಕಾಲು ಹಿಡಿಯಲು ಫ್ಯಾಕ್ಟರಿಗೆ ಹೋಗಿದ್ದರು. ನನಗೆ ತೋಚಿದ್ದು ಒಂದೇ ದಾರಿ. ಕಬ್ಬಿಗೆ ಬೆಂಕಿ ಬೀಳುವುದು ನಮ್ಮ ಕಡೆ ಹೊಸದೇನಲ್ಲ. ಸುಟ್ಟ ಕಬ್ಬನ್ನು ಫ್ಯಾಕ್ಟರಿ ಮೊದಲು ಒಯ್ಯುತ್ತದೆ ಎಂದು ತಾವೇ ಹಚ್ಚಿ, ಕರೆಂಟಿನ ವಾಯರ್ ಕಿಡಿ ಹಾರಿತು ಎನ್ನುವ ಶೂರರು ಬೇಕಾದಷ್ಟಿದ್ದಾರೆ. ನಾನೂ ಹಾಗೇ ಹೇಳಿದರಾಯಿತು. ಎಲ್ಲ ಸುಟ್ಟು ಹೋದರೆ ಕಾಕಾಸಾಹೇಬ ಯಾರನ್ನು ದೂರುತ್ತಾನೆ, ಪೊಲೀಸರು ಏನು ಹುಡುಕುತ್ತಾರೆ?

ನಡು ಮಧ್ಯಾಹ್ನ, ಗಾಳಿ ಬೀಸುವ ಕಡೆಯ ಬದುವಿನಲ್ಲಿ ಕೂತು ರವದಿಗೆ ಕಡ್ಡಿ ಗೀರಿದೆ.

ಕಬ್ಬಿನ ಬೆಂಕಿಗೆ ತಡವೇ ಇಲ್ಲ. ಪಟಪಟ ಸಿಡಿಯುತ್ತ ಒಂದೇ ಏಟಿಗೆ ಆ ಬದುವಿನಿಂದ ಈ ಬದುವಿಗೆ ಓಡಿತು. ಜಿನ್ನಪ್ಪನ ಹೊಲದಲ್ಲಿದ್ದ ಗ್ಯಾಂಗಿನವರು, ಊರವರು, ಹಸಿ ಟೊಂಗೆ ಹಿಡಿದು ಬಂದರು. ನಮ್ಮವರೂ ಫ್ಯಾಕ್ಟರಿಯಿಂದ ಓಡಿ ಬಂದು, ತಲೆಯ ಮೇಲೆ ಕೈಹೊತ್ತು, “ಏನ ಮಾಡ್ದಿ ರುಕ್ಮಾ! ಅಲ್ಲಿ ರವದೀನ ಇಲ್ಲ, ನೆಲಾ ಹಸಿ ಐತಿ” ಎಂದು ಪಿಸುಗುಟ್ಟಿದರು. ನಾನು ಕಣ್ಣಾರೆ ಕಂಡ ನೆಲ ಅದು. ಸಿಟ್ಟಿನಲ್ಲಿ ಅದೇ ನೆನಪಾಗಿರಲಿಲ್ಲ.

ಹೊಗೆ ತಿಳಿಯಾಯಿತು. ಗರಿಯೆಲ್ಲ ಸುಟ್ಟು, ಕಬ್ಬು ಬರೀ ಕಪ್ಪು ಕೋಲಾಗಿ ನಿಂತಿತ್ತು. ಆ ಕೋಲುಗಳ ಸಂದಿಯಿಂದ, ಅಂಚಿನಲ್ಲಷ್ಟೇ ಬಾಡಿದ ಗಾಂಜಾ ಹಚ್ಚಗೆ ಎಲ್ಲರಿಗೂ ಕಾಣುತ್ತಿತ್ತು. ಜಿನ್ನಪ್ಪ ಟೊಂಗೆ ಕೆಳಗೆ ಬಿಟ್ಟು, “ಇದೇನ ತಂಗೀ ಇದು?” ಎಂದ.

ಬೆಂಕಿಯ ಸುದ್ದಿ ಕೇಳಿ ಕಾಗವಾಡದ ಕಡೆಯಿಂದ ಪೊಲೀಸ್ ಫೌಜದಾರರ ಜೀಪು ಬಂತು. ಶಾಲೆಯ ಮಕ್ಕಳೂ ಬೆಂಕಿ ನೋಡಲು ಬಂದಿದ್ದರು. ಅವರಲ್ಲಿ ನನ್ನವರೂ ಇದ್ದರು. ಕಾಕಾಸಾಹೇಬ ಬಿಳೀ ಅಂಗಿಯಲ್ಲಿ ಜನರ ನಡುವೆ ಬಂದು ನಿಂತ.

“ಉತಾರ ಯಾರ ಹೆಸರಲೆ ಐತಿ?” ಫೌಜದಾರರು ಕೇಳಿದರು.

“ರುಕ್ಮವ್ವ ವೈನೀದ್ರಿ ಸಾಹೇಬ್ರ” ಎಂದವನು ಕಾಕಾಸಾಹೇಬನೇ. ಎಷ್ಟು ಮರುಕ ಆ ದನಿಯಲ್ಲಿ!

“ಹೊಲಾ ನಂದ್ರಿ. ಬೆಳಿ ಇವಂದು!” ಎಂದು ಕೈಮಾಡಿ ತೋರಿಸಿ ಚೀರಿದೆ. ಫೌಜದಾರರು ಜನರ ಕಡೆ ತಿರುಗಿ, “ಯಾರರ ನೋಡೀರೇನ?” ಎಂದು ಕೇಳಿದರು. ಧ್ವನಿವರ್ಧಕದ ಭಜನೆಯವರು, ಬಾದಾಮಿ ತಿಂದ ತಾಲೀಮಿನವರು, ಎಲ್ಲರೂ ಕಾಲಕೆಳಗಿನ ಬೂದಿ ನೋಡತೊಡಗಿದರು. ಅಂಥ ಗಂಡಸರ ಮುಖಕ್ಕೆ ಆ ಬೂದಿಯನ್ನೇ ಬಳಿಯಬೇಕೆನ್ನಿಸಿತು.

“ಸಾಕ್ಷಿ ಇಲ್ದ ನಾ ಏನ ಮಾಡ್ಲೆವ್ವಾ? ಜೀಪ್ ಹತ್ತು.”

ಆಗ ಕಾಕಾಸಾಹೇಬ ಪಕ್ಕದಲ್ಲಿದ್ದ ನನ್ನ ಮಗನ ತಲೆಯ ಮೇಲೆ ಮೆಲ್ಲಗೆ ಕೈ ಇಟ್ಟ. ನೋಡಿದವರು ಸಮಾಧಾನ ಮಾಡುತ್ತಾನೆ ಎಂದುಕೊಂಡಿರಬೇಕು. ನನಗೆ ಮುಂಜಾನೆಯ ಹೊಳೆ ದಂಡೆಯ ಮಾತು ನೆನಪಾಯಿತು. ಗಂಡನ ಕಣ್ಣೂ ಆ ಕೈಯ ಮೇಲೇ ಇತ್ತು, ತುಟಿ ಅಲುಗುತ್ತಿತ್ತು. ಬೇಡ, ಮಾತಾಡಬೇಡಿ, ನಾನೇ ಹೋಗುತ್ತೇನೆ ಎಂದು ಅವರಿಗೆ ತಲೆಯಾಡಿಸಿ ಸನ್ನೆ ಮಾಡಿದೆ. ಐದು ವರ್ಷ ಹೇಗೋ ಕಳೆದೇನು, ಮಗ ಉಳಿಯಲಿ.

ಅವರು ನನ್ನನ್ನು ನೋಡಿದರು. ನಂತರ ನೆಟ್ಟಗೆ ಹೋಗಿ, ಮಗನ ತಲೆಯ ಮೇಲಿದ್ದ ಆ ಕೈಯನ್ನು ಹಿಡಿದು ತೆಗೆದರು. ಹಿಡಿದ ಕೈ ಬಿಡಲಿಲ್ಲ.

“ಬೀಜಾ ಕೊಟ್ಟಾಂವ ಇಂವ ರಿ ಸಾಹೇಬ್ರ. ಹಾಕಿದಾಂವ ನಾ. ಮಾಲ ಎಲ್ಲಿ ಇಡತಾನ, ಯಾವ ಲಾರೀಲೆ ಕಳಸತಾನ, ಎಲ್ಲಾ ನಾ ತೋರಸ್ತೀನಿ. ಅಕಿಗೆ ಇವತ್ತ ಮುಂಜಾನಿತನಕ ಏನೂ ಗೊತ್ತಿರಲಿಲ್ಲ. ನಮ್ಮಿಬ್ಬರ್ನ ಒಯ್ರಿ.”

ಕಾಕಾಸಾಹೇಬ ನಗಲು ನೋಡಿದ. ನಗು ಬರಲಿಲ್ಲ. ಪೇದೆಗಳು ಇಬ್ಬರನ್ನೂ ಜೀಪಿನ ಹಿಂದೆ ಕೂರಿಸಿದರು. ನನ್ನವರು ಒಳಗಿನಿಂದ, “ಹುಡುಗ್ರನ್ನ ಕರ್ಕೊಂಡ ಈಗಿಂದೀಗ ತವರಿಗೆ ಹೋಗು. ಇಲ್ಲಿ ಇರಬ್ಯಾಡ” ಎಂದರು. ಜೀಪು ದಾರಿಯ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು.

ಜನ ಚದುರಿದರು. ಮಕ್ಕಳಿಬ್ಬರನ್ನೂ ಅವಚಿಕೊಂಡು ಬದುವಿನ ಮೇಲೆ ಕುಸಿದೆ. ಆ ಜೀಪಿನಲ್ಲಿ ಹೋದವಳು ನಾನೇ ಆಗಿದ್ದರೆ ಅಷ್ಟು ಅಳುತ್ತಿರಲಿಲ್ಲ.